ಮಾತ್ರೆಯ ಬೆಲೆಯೂ ಪೇಟೆಂಟ್ ಕಾನೂನೂ

ನಿಮ್ಮ ಮನೆಯಲ್ಲಿ ಉಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಡಾಕ್ಟರರ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗಿ ಮಾತ್ರೆ ತರುವುದು ನಿಮ್ಮ ಕೆಲಸ. ಪ್ರತಿ ಸಲವೂ ಬಿಲ್ಲು ಹೆಚ್ಚುಕಡಿಮೆ ಅಷ್ಟೇ. ಆದರೆ ಒಂದು ತಿಂಗಳು ಬಿಲ್ಲು ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ. ಡಾಕ್ಟರರು ಅದೇ ಔಷಧವನ್ನು ಬೇರೆ ಕಂಪನಿಯದ್ದು ಬರೆದಿದ್ದಾರೆ. ಡಬ್ಬಿಯ ಬಣ್ಣ ಬೇರೆ, ಮೇಲಿನ ಹೆಸರು ಬೇರೆ. ಮನೆಗೆ ತಂದು ಕೊಟ್ಟರೆ ಉಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟು ಕಮ್ಮಿಗೆ ಸಿಕ್ಕಿದ್ದು ಒಳ್ಳೇದಿರಲಿಕ್ಕಿಲ್ಲ ಮಗಾ, ನಂಗೆ ಹಳೇದೇ ತಂದುಕೊಡು" ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ನಿಮಗೂ ಒಳಗೊಳಗೇ ಹಾಗೇ ಅನಿಸಿರುತ್ತದೆ.

ಇನ್ನೊಂದು ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮಾತ್ರೆ ದುಬಾರಿ. ಮಕ್ಕಳಿಗೆ ಹೊರೆಯಾಗಬಾರದೆಂದು ಬಾಪ ಯಾರಿಗೂ ಹೇಳದೆ ದಿನಕ್ಕೆರಡು ನುಂಗಬೇಕಾದದ್ದನ್ನು ಒಂದಕ್ಕೆ ಇಳಿಸಿದ್ದಾರೆ. ಕಾಲಿನ ಹುಣ್ಣು ಒಣಗದೆ ಆಸ್ಪತ್ರೆ ಸೇರಿದಾಗಲೇ ವಿಷಯ ಹೊರಬೀಳುತ್ತದೆ. ಅಷ್ಟರಲ್ಲಿ ಮಾತ್ರೆಯಲ್ಲಿ ಉಳಿಸಿದ ಹಣದ ಎಷ್ಟೋ ಪಟ್ಟು ಆಸ್ಪತ್ರೆಗೆ ಹೋಗಿರುತ್ತದೆ.

ಮೊದಲ ಮನೆಯಲ್ಲಿ ಕಡಿಮೆ ಬೆಲೆಯ ಬಗ್ಗೆ ಅನುಮಾನ, ಎರಡನೆಯದರಲ್ಲಿ ಹೆಚ್ಚಿನ ಬೆಲೆಯ ಭಯ. ಎರಡಕ್ಕೂ ಮೂಲ ಒಂದೇ. ಔಷಧದ ಬೆಲೆ ಯಾಕೆ ಏರುತ್ತದೆ, ಯಾಕೆ ಇದ್ದಕ್ಕಿದ್ದಂತೆ ಇಳಿಯುತ್ತದೆ ಎಂಬುದನ್ನು ನಮಗೆ ಯಾರೂ ತಿಳಿಸಿ ಹೇಳಿಲ್ಲ. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಹಳ ದೊಡ್ಡದು ಪೇಟೆಂಟ್ ಕಾನೂನು. ಕೇಳಲು ವಕೀಲರ ವಿಷಯದಂತಿದ್ದರೂ ಇದು ನಿಮ್ಮ ಅಡುಗೆಮನೆಯ ಕಪಾಟಿನಲ್ಲಿರುವ ಮಾತ್ರೆ ಡಬ್ಬಿಯ ವಿಷಯ.

ಒಂದು ಉದಾಹರಣೆ ನೋಡಿ. ಎಂಪಾಗ್ಲಿಫ್ಲೋಜಿನ್ ಎಂಬುದು ಸಕ್ಕರೆ ಕಾಯಿಲೆಗೆ ಈಗ ಬಹಳ ಮಂದಿಗೆ ಬರೆಯುವ ಮಾತ್ರೆ. 2025ರ ಮಾರ್ಚ್‌ವರೆಗೆ ಇದು ಮಾತ್ರೆಯೊಂದಕ್ಕೆ ಸುಮಾರು 60 ರೂಪಾಯಿ ಇತ್ತು. ಆ ತಿಂಗಳು ಭಾರತದಲ್ಲಿ ಅದರ ಪೇಟೆಂಟ್ ಅವಧಿ ಮುಗಿಯಿತು. ಕೂಡಲೇ ಹಲವು ಕಂಪನಿಗಳು ಅದೇ ಔಷಧವನ್ನು ತಯಾರಿಸಿ 15 ರೂಪಾಯಿಗಿಂತ ಕಡಿಮೆಗೆ ಮಾರುಕಟ್ಟೆಗೆ ಬಿಟ್ಟವು. ಔಷಧದ ಗುಣ ಬದಲಾಗಿರಲಿಲ್ಲ. ಅದನ್ನು ತಯಾರಿಸುವ ಹಕ್ಕು ಒಬ್ಬರ ಕೈಯಿಂದ ಎಲ್ಲರ ಕೈಗೆ ಬಂದಿತ್ತು, ಅಷ್ಟೇ.

ಪೇಟೆಂಟ್ ಎಂದರೇನು?

ಹೊಸದೊಂದನ್ನು ಕಂಡುಹಿಡಿದವರಿಗೆ ಸರಕಾರ ಒಂದು ಹಕ್ಕು ಕೊಡುತ್ತದೆ. "ಇಷ್ಟು ವರ್ಷ ನಿಮ್ಮ ಒಪ್ಪಿಗೆ ಇಲ್ಲದೆ ಇದನ್ನು ಬೇರೆ ಯಾರೂ ತಯಾರಿಸುವಂತಿಲ್ಲ, ಮಾರುವಂತಿಲ್ಲ" ಎಂಬ ಹಕ್ಕು ಅದು. ಇದೇ ಪೇಟೆಂಟ್. ಭಾರತದಲ್ಲಿ ಅದರ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ.

ಈ ಹಕ್ಕು ಪುಕ್ಕಟೆಯಾಗಿ ಸಿಗುವುದಿಲ್ಲ. ಅದಕ್ಕೆ ಪ್ರತಿಯಾಗಿ ತಾನು ಕಂಡುಹಿಡಿದದ್ದು ಏನು, ಅದನ್ನು ತಯಾರಿಸುವುದು ಹೇಗೆ ಎಂಬುದನ್ನು ಕಂಪನಿ ಅರ್ಜಿಯಲ್ಲಿ ಪೂರ್ತಿಯಾಗಿ ಬರೆದುಕೊಡಬೇಕು. ಆ ಬರಹ ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ಅವಧಿ ಮುಗಿದ ಮರುದಿನದಿಂದ ಯಾರು ಬೇಕಾದರೂ ತಯಾರಿಸಬಹುದು. ಅಂದರೆ ಇದು ಕಂಪನಿಗೂ ಸಮಾಜಕ್ಕೂ ನಡುವಿನ ಒಂದು ಕರಾರು. ಜಮೀನನ್ನು ಗೇಣಿಗೆ ಕೊಟ್ಟಂತೆ ಎಂದು ತಿಳಿದುಕೊಳ್ಳಿ. ವಾಯಿದೆ ಇರುವಷ್ಟು ಕಾಲ ಬೆಳೆ ಅವರದ್ದು, ವಾಯಿದೆ ಮುಗಿದ ಮೇಲೆ ಜಮೀನು ಊರಿನದ್ದು.

ಕಂಪನಿಗಳಿಗೆ ಇಂಥ ಹಕ್ಕು ಯಾಕೆ ಕೊಡಬೇಕು ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಇದೆ. ಹೊಸ ಔಷಧವೊಂದನ್ನು ಪ್ರಯೋಗಾಲಯದಿಂದ ಮೆಡಿಕಲ್ ಶಾಪಿನವರೆಗೆ ತರಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಮನುಷ್ಯರ ಮೇಲೆ ಪ್ರಯೋಗಿಸಿ ನೋಡುವ ಹಂತ ತಲುಪಿದ ಹತ್ತು ಔಷಧಗಳಲ್ಲಿ ಸುಮಾರು ಒಂಬತ್ತು ಸೋತು ಹೋಗುತ್ತವೆ. ಗೆದ್ದ ಒಂದರಿಂದಲೇ ಆ ಎಲ್ಲ ಖರ್ಚು ಹುಟ್ಟಬೇಕು. ಗೆದ್ದ ಮರುದಿನವೇ ಬೇರೆಯವರು ನಕಲು ಮಾಡಿ ಮಾರಬಹುದಾದರೆ ಅಷ್ಟು ಹಣ ಸುರಿಯಲು ಯಾರೂ ಮುಂದೆ ಬರುವುದಿಲ್ಲ. ಹಾಗೆ ಯಾರೂ ಮುಂದೆ ಬಾರದಿದ್ದರೆ ನಾಳಿನ ರೋಗಿಗೆ ಔಷಧವೇ ಇರುವುದಿಲ್ಲ.

ಆದರೆ ಹಕ್ಕು ಮಿತಿಮೀರಿದರೆ ಔಷಧ ಇದ್ದೂ ಇಂದಿನ ರೋಗಿಗೆ ಸಿಗುವುದಿಲ್ಲ. ಈ ಇಬ್ಬರು ರೋಗಿಗಳ ನಡುವೆ ತಕ್ಕಡಿ ಸರಿಯಾಗಿ ಹಿಡಿಯುವುದೇ ಪೇಟೆಂಟ್ ಕಾನೂನಿನ ಕೆಲಸ. ನಮ್ಮ ದೇಶದ ಕಾನೂನು ಆ ತಕ್ಕಡಿಯನ್ನು ಹೇಗೆ ಹಿಡಿದಿದೆ ಎಂಬುದು ಪ್ರತಿ ಮನೆಯವರೂ ತಿಳಿಯಬೇಕಾದ ಕಥೆ.

ಹಳೆಯ ಕಾನೂನು, ಹೊಸ ಕಾನೂನು

ಬ್ರಿಟಿಷರು 1911ರಲ್ಲಿ ಮಾಡಿದ ಪೇಟೆಂಟ್ ಕಾನೂನು ಸ್ವಾತಂತ್ರ್ಯದ ನಂತರವೂ ಎರಡು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಅದರಡಿ ಔಷಧ ವ್ಯಾಪಾರದ ದೊಡ್ಡ ಪಾಲು ವಿದೇಶಿ ಕಂಪನಿಗಳ ಕೈಯಲ್ಲಿತ್ತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿಯ ಆಧಾರದಲ್ಲಿ 1970ರಲ್ಲಿ ಹೊಸ ಪೇಟೆಂಟ್ ಕಾಯ್ದೆ ಬಂತು. 1972ರಿಂದ ಅದು ಜಾರಿಯಾಯಿತು.

ಆ ಕಾಯ್ದೆಯ ಮುಖ್ಯ ಅಂಶ ಇದು: ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್, ಅದೂ ಹೆಚ್ಚೆಂದರೆ ಏಳು ವರ್ಷ. ಬಿರಿಯಾನಿಯ ಮೇಲೆ ಯಾರಿಗೂ ಹಕ್ಕಿಲ್ಲ, ಒಬ್ಬರು ಬೇಯಿಸುವ ಕ್ರಮದ ಮೇಲೆ ಮಾತ್ರ ಅವರಿಗೆ ಹಕ್ಕು ಎಂದ ಹಾಗೆ. ನಮ್ಮ ರಸಾಯನ ತಜ್ಞರು ಬೇರೆ ಕ್ರಮ ಕಂಡುಹಿಡಿದು ಅದೇ ಔಷಧವನ್ನು ಅಗ್ಗವಾಗಿ ತಯಾರಿಸಲು ಕಲಿತರು. ಭಾರತದ ಔಷಧ ಉದ್ಯಮ ಬೆಳೆದದ್ದು ಹೀಗೆ.

ಇದರ ಫಲ ಜಗತ್ತಿಗೆ ಕಂಡದ್ದು 2001ರಲ್ಲಿ. ಆಗ ಎಚ್‌ಐವಿ ರೋಗಿಯೊಬ್ಬನಿಗೆ ಬೇಕಾದ ಮೂರು ಔಷಧಗಳಿಗೆ ಪಾಶ್ಚಾತ್ಯ ಕಂಪನಿಗಳ ಬೆಲೆ ವರ್ಷಕ್ಕೆ 10,000 ಡಾಲರ್‌ಗಿಂತ ಹೆಚ್ಚಿತ್ತು. ಆಫ್ರಿಕಾದಲ್ಲಿ ಜನ ಔಷಧ ಇದ್ದೂ ಸಾಯುತ್ತಿದ್ದರು. ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ, ಕೊಡುವುದಾಗಿ ಮುಂದೆ ಬಂದರು. ಅವರ ತಂದೆ ಖ್ವಾಜಾ ಅಬ್ದುಲ್ ಹಮೀದ್ ಅಲಿಘರ್‌ನಲ್ಲಿ ಹುಟ್ಟಿ, ಜರ್ಮನಿಯಲ್ಲಿ ರಸಾಯನಶಾಸ್ತ್ರ ಕಲಿತು, 1935ರಲ್ಲಿ ಆ ಕಂಪನಿಯನ್ನು ಸ್ಥಾಪಿಸಿದವರು. 1970ರ ಕಾನೂನು ಇಲ್ಲದಿದ್ದರೆ ಮಗನ ಕೈಯಲ್ಲಿ ಆ ಬೆಲೆಗೆ ಔಷಧ ತಯಾರಿಸುವ ದಾರಿಯೇ ಇರುತ್ತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕತಾರ್‌ನ ದೋಹಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ರಾಷ್ಟ್ರಗಳು, ಪೇಟೆಂಟ್ ನಿಯಮಗಳು ಜನರ ಆರೋಗ್ಯ ಕಾಪಾಡುವ ಸರಕಾರಗಳಿಗೆ ಅಡ್ಡಿಯಾಗಬಾರದು ಎಂದು ಘೋಷಿಸಿದವು.

ಆದರೆ ಭಾರತ ಆ ಸಂಸ್ಥೆಯ ಸದಸ್ಯನಾಗಿದ್ದರಿಂದ ಹಳೆಯ ಕಾನೂನನ್ನು ಹಾಗೆಯೇ ಇಟ್ಟುಕೊಳ್ಳುವಂತಿರಲಿಲ್ಲ. 2005ರ ಜನವರಿ 1ರಿಂದ ಔಷಧಕ್ಕೇ ಪೇಟೆಂಟ್ ಕೊಡುವ ಪದ್ಧತಿ ಮತ್ತೆ ಬಂತು. ಹಾಗೆ ಬಾಗಿಲು ತೆರೆಯುವಾಗ ಸಂಸತ್ತು ಜನರ ಹಿತಕ್ಕಾಗಿ ಕೆಲವು ಕಾವಲುಗಳನ್ನೂ ಇಟ್ಟಿತು. ಅವುಗಳಲ್ಲಿ ಮೂರನ್ನು ನೀವು ತಿಳಿದಿರಬೇಕು.

ಮೊದಲ ಕಾವಲು: ಹಳೆಯದಕ್ಕೆ ಹೊಸ ಅಂಗಿ ತೊಡಿಸಿದರೆ ಸಾಲದು

20 ವರ್ಷ ಮುಗಿಯುತ್ತಾ ಬಂದಾಗ ಕೆಲವು ಕಂಪನಿಗಳು ಅದೇ ಔಷಧದಲ್ಲಿ ಸಣ್ಣದೊಂದು ಬದಲಾವಣೆ ಮಾಡಿ ಮತ್ತೊಂದು ಪೇಟೆಂಟ್ ಕೇಳುತ್ತವೆ. ಅದು ಸಿಕ್ಕಿದರೆ ಮತ್ತಷ್ಟು ವರ್ಷ ಬೆಲೆ ಇಳಿಯುವುದಿಲ್ಲ. ನಮ್ಮ ಕಾಯ್ದೆಯ 3(ಡಿ) ಎಂಬ ಕಲಂ ಇದನ್ನು ತಡೆಯುತ್ತದೆ. ಈಗಾಗಲೇ ಗೊತ್ತಿರುವ ಔಷಧದ ಹೊಸ ರೂಪಕ್ಕೆ ಪೇಟೆಂಟ್ ಬೇಕೆಂದರೆ, ಆ ಹೊಸ ರೂಪ ಹಳೆಯದಕ್ಕಿಂತ ಹೆಚ್ಚು ಪರಿಣಾಮಕಾರಿ ಎಂದು ತೋರಿಸಬೇಕು.

ಈ ಕಲಮಿಗೆ ದೊಡ್ಡ ಪರೀಕ್ಷೆ ಎದುರಾದದ್ದು ಗ್ಲಿವೆಕ್ ಎಂಬ ಔಷಧದ ವಿಷಯದಲ್ಲಿ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಅದು ನಿಜಕ್ಕೂ ಬದುಕು ಕೊಟ್ಟ ಮಾತ್ರೆ. ಒಂದು ಕಾಲಕ್ಕೆ ಕೈಚೆಲ್ಲಿ ಕೂರಬೇಕಾಗಿದ್ದ ರೋಗಿಗಳು ಇದನ್ನು ದಿನವೂ ನುಂಗುತ್ತಾ ವರ್ಷಗಟ್ಟಲೆ ಬಾಳುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯ ಈ ಔಷಧಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು. ಭಾರತೀಯ ಕಂಪನಿಗಳ ಅದೇ ಔಷಧ ತಿಂಗಳಿಗೆ 8,000ದಿಂದ 10,000 ರೂಪಾಯಿಗೆ ಸಿಗುತ್ತಿತ್ತು. ಬಡ ರೋಗಿಗಳಿಗೆ ಉಚಿತವಾಗಿ ಕೊಡುವ ಯೋಜನೆಯನ್ನೂ ನೊವಾರ್ಟಿಸ್ ನಡೆಸುತ್ತಿತ್ತು ಎಂಬುದನ್ನು ಹೇಳಲೇಬೇಕು. ಆದರೆ ಕಂಪನಿಯ ಔದಾರ್ಯ ಬೇರೆ, ರೋಗಿ ತನ್ನ ದುಡಿಮೆಯಿಂದ ಕೊಂಡುಕೊಳ್ಳಬಲ್ಲ ಬೆಲೆ ಬೇರೆ.

ಔಷಧದ ಒಂದು ಹರಳು ರೂಪಕ್ಕೆ ಕಂಪನಿ 1998ರಲ್ಲಿ ಇಲ್ಲಿ ಪೇಟೆಂಟ್ ಕೇಳಿತ್ತು. 2006ರಲ್ಲಿ ಚೆನ್ನೈಯ ಪೇಟೆಂಟ್ ಕಚೇರಿ ಅದನ್ನು ತಿರಸ್ಕರಿಸಿತು. ಕ್ಯಾನ್ಸರ್ ರೋಗಿಗಳ ಸಂಘವೂ ಆ ಅರ್ಜಿಯನ್ನು ವಿರೋಧಿಸಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೊಸ ರೂಪ ದೇಹದಲ್ಲಿ ಶೇ. 30ರಷ್ಟು ಹೆಚ್ಚು ಹೀರಲ್ಪಡುತ್ತದೆ ಎಂಬುದು ಕಂಪನಿಯ ವಾದ. 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ತೀರ್ಪು ಕೊಟ್ಟಿತು. ಔಷಧದ ವಿಷಯದಲ್ಲಿ ಪರಿಣಾಮ ಎಂದರೆ ರೋಗ ಗುಣಪಡಿಸುವ ಪರಿಣಾಮ. ಹೆಚ್ಚು ಹೀರಲ್ಪಡುತ್ತದೆ ಎಂದಷ್ಟೇ ಹೇಳಿದರೆ ಸಾಲದು, ಅದರಿಂದ ರೋಗಿಗೆ ಹೆಚ್ಚು ಗುಣವಾಗುತ್ತದೆ ಎಂದು ತೋರಿಸಬೇಕು. ಅದನ್ನು ತೋರಿಸಿಲ್ಲವಾದ್ದರಿಂದ ಪೇಟೆಂಟ್ ಇಲ್ಲ. ಅಗ್ಗದ ಮಾತ್ರೆ ನುಂಗಿ ಬದುಕುತ್ತಿದ್ದ ರೋಗಿಗಳು ಅಂದು ನಿಟ್ಟುಸಿರು ಬಿಟ್ಟರು.

ಎರಡನೆಯ ಕಾವಲು: ಯಾರು ಬೇಕಾದರೂ ಆಕ್ಷೇಪಿಸಬಹುದು

ಪೇಟೆಂಟ್ ಕೊಡುವ ಮುಂಚೆಯೇ "ಇದಕ್ಕೆ ಕೊಡಬೇಡಿ" ಎಂದು ಲಿಖಿತವಾಗಿ ಆಕ್ಷೇಪಿಸಲು ನಮ್ಮ ಕಾನೂನಿನಲ್ಲಿ ಅವಕಾಶವಿದೆ. ಆಕ್ಷೇಪಿಸುವವರು ಇನ್ನೊಂದು ಕಂಪನಿಯೇ ಆಗಿರಬೇಕೆಂದಿಲ್ಲ. ರೋಗಿಯೂ ಆಗಬಹುದು.

ಕ್ಷಯರೋಗದ ಮಾಮೂಲಿ ಔಷಧಗಳಿಗೆ ಬಗ್ಗದ ಒಂದು ಬಗೆ ಇದೆ. ಅದಕ್ಕೆ ಹಿಂದೆ ತಿಂಗಳುಗಟ್ಟಲೆ ಇಂಜೆಕ್ಷನ್ ಚುಚ್ಚಬೇಕಿತ್ತು. ಅದರಿಂದ ಎಷ್ಟೋ ಮಂದಿ ಕಿವಿ ಕಳೆದುಕೊಂಡರು. ಬೆಡಾಕ್ವಿಲಿನ್ ಎಂಬ ಮಾತ್ರೆ ಬಂದ ಮೇಲೆ ಆ ಇಂಜೆಕ್ಷನ್ನಿನ ಅಗತ್ಯ ಬಹುಮಟ್ಟಿಗೆ ತಪ್ಪಿತು. ಅದರ ಮೂಲ ಪೇಟೆಂಟ್ 2023ರ ಜುಲೈಯಲ್ಲಿ ಮುಗಿಯುವುದಿತ್ತು. ಆದರೆ ಜಾನ್ಸನ್ ಆಂಡ್ ಜಾನ್ಸನ್ ಕಂಪನಿ ಔಷಧದ ಲವಣ ರೂಪಕ್ಕೆ ಇನ್ನೊಂದು ಪೇಟೆಂಟ್ ಕೇಳಿತ್ತು. ಅದು ಸಿಕ್ಕಿದ್ದರೆ ಹಕ್ಕು 2027ರವರೆಗೆ ಮುಂದುವರಿಯುತ್ತಿತ್ತು.

ಇದನ್ನು 2019ರಲ್ಲಿ ಆಕ್ಷೇಪಿಸಿದವರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಒಬ್ಬರು ಭಾರತದವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು. ಇಬ್ಬರೂ ಕ್ಷಯದಿಂದ ಗುಣವಾದವರು, ಇಬ್ಬರೂ ಚಿಕಿತ್ಸೆಯ ಕಾಲದಲ್ಲಿ ಕಿವಿ ಕಳೆದುಕೊಂಡವರು. ಅವರಿಗಾಗಿ ಇನ್ನು ಆಗಬೇಕಾದದ್ದು ಏನೂ ಇರಲಿಲ್ಲ. ಮುಂದಿನವರಿಗೆ ಹಾಗಾಗಬಾರದು ಎಂಬುದಷ್ಟೇ ಅವರ ಕಾಳಜಿ. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಕಾನೂನು ಕೊಟ್ಟ ಅವಕಾಶವನ್ನು ಬಳಸಿಕೊಳ್ಳುವವರು ಇದ್ದಾಗ ಮಾತ್ರ ಅದು ಜನರ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೂರನೆಯ ಕಾವಲು: ಕಡ್ಡಾಯ ಲೈಸೆನ್ಸ್

ಪೇಟೆಂಟ್ ಸರಿಯಾಗಿಯೇ ಸಿಕ್ಕಿದೆ, ಔಷಧ ಹೊಸದೇ ಹೌದು. ಆದರೆ ಬೆಲೆ ಜನರ ಕೈಗೆ ಎಟಕುವುದಿಲ್ಲ. ಆಗ? ಪೇಟೆಂಟ್ ಕೊಟ್ಟು ಮೂರು ವರ್ಷ ಕಳೆದ ಮೇಲೆ ಬೇರೆ ಕಂಪನಿ ಬಂದು "ನನಗೆ ತಯಾರಿಸಲು ಅನುಮತಿ ಕೊಡಿ" ಎಂದು ಕೇಳಬಹುದು. ಜನರ ಅಗತ್ಯ ಪೂರೈಕೆಯಾಗಿಲ್ಲ, ಬೆಲೆ ಜನರಿಗೆ ನಿಲುಕುವಂತಿಲ್ಲ, ಅಥವಾ ಭಾರತದಲ್ಲಿ ಆ ಪೇಟೆಂಟ್ ಬಳಕೆಗೆ ಬಂದಿಲ್ಲ ಎಂಬ ಮೂರರಲ್ಲಿ ಒಂದು ಸಾಬೀತಾದರೂ ಪೇಟೆಂಟ್ ಕಚೇರಿ ಮೂಲ ಕಂಪನಿಯ ಒಪ್ಪಿಗೆ ಇಲ್ಲದೆಯೇ ಲೈಸೆನ್ಸ್ ಕೊಡಬಹುದು.

2012ರ ಮಾರ್ಚ್‌ನಲ್ಲಿ ಹೀಗೆಯೇ ಆಯಿತು. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ನೆಕ್ಸಾವರ್ ಎಂಬ ಔಷಧವನ್ನು ಜರ್ಮನಿಯ ಬಾಯರ್ ಕಂಪನಿ ತಿಂಗಳಿಗೆ ಸುಮಾರು 2,80,000 ರೂಪಾಯಿಗೆ ಮಾರುತ್ತಿತ್ತು. ಅಗತ್ಯವಿದ್ದ ರೋಗಿಗಳಲ್ಲಿ ನೂರಕ್ಕೆ ಎರಡರಷ್ಟು ಮಂದಿಗೆ ಮಾತ್ರ ಅದು ತಲುಪಿದೆ ಎಂದು ಪೇಟೆಂಟ್ ನಿಯಂತ್ರಕರು ಕಂಡುಕೊಂಡರು. ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದನ್ನು ತಯಾರಿಸಲು ಲೈಸೆನ್ಸ್ ಕೊಟ್ಟು, ತಿಂಗಳ ಬೆಲೆ 8,880 ರೂಪಾಯಿ ಮೀರಬಾರದು ಎಂದು ಆದೇಶಿಸಿದರು.

ಹಾಗೆಂದು ಮೂಲ ಕಂಪನಿಯ ಹಕ್ಕನ್ನು ಕಸಿದುಕೊಂಡಿಲ್ಲ ಎಂಬುದನ್ನು ಗಮನಿಸಿ. ನ್ಯಾಟ್ಕೊ ತನ್ನ ಮಾರಾಟದ ಶೇ. 6ರಷ್ಟನ್ನು ಬಾಯರ್‌ಗೆ ಗೌರವಧನವಾಗಿ ಕೊಡಬೇಕಿತ್ತು. ಮೇಲ್ಮನವಿಯಲ್ಲಿ ಅದನ್ನು ಶೇ. 7ಕ್ಕೆ ಏರಿಸಲಾಯಿತು. ಬಾಯರ್ ತನ್ನ ಔಷಧವನ್ನು ತನ್ನ ಬೆಲೆಗೆ ಮಾರುವುದನ್ನೂ ಯಾರೂ ತಡೆಯಲಿಲ್ಲ. ಹಕ್ಕುದಾರನಿಗೆ ಅವನ ಪಾಲು, ರೋಗಿಗೆ ಅವನ ಔಷಧ. ತಕ್ಕಡಿ ಎಂದು ಮೇಲೆ ಹೇಳಿದ್ದು ಇದನ್ನೇ.

ಈ ದಾರಿ ಸುಲಭದ್ದಲ್ಲ. ಅದರ ನಂತರ ಬಂದ ಇಂಥ ಅರ್ಜಿಗಳು ತಿರಸ್ಕೃತವಾಗಿವೆ. ಕಾರಣಗಳನ್ನು ಅಳೆದು ತೂಗಿಯೇ ಕೊಡಬೇಕೆಂಬುದು ಒಂದು ವಾದ, ಕೊಡುವ ಧೈರ್ಯ ಇನ್ನೂ ಬೇಕು ಎಂಬುದು ಇನ್ನೊಂದು. ಎರಡಕ್ಕೂ ಕಾರಣಗಳಿವೆ. ಆದರೆ ಹೀಗೊಂದು ಕಲಂ ಇದೆ ಎಂಬ ಅರಿವೇ ಬೆಲೆ ನಿಗದಿ ಮಾಡುವ ಕಂಪನಿಯನ್ನು ಸ್ವಲ್ಪ ಯೋಚಿಸುವಂತೆ ಮಾಡುತ್ತದೆ.

ಯಾರದ್ದೂ ಅಲ್ಲದ್ದು, ಎಲ್ಲರದ್ದು

ಕೆಲವು ವಿಷಯಗಳಿಗೆ ಪೇಟೆಂಟೇ ಇಲ್ಲ. ಡಾಕ್ಟರರೊಬ್ಬರು ಶಸ್ತ್ರಚಿಕಿತ್ಸೆಯ ಹೊಸ ವಿಧಾನ ಕಂಡುಹಿಡಿದರೆ ಭಾರತದಲ್ಲಿ ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ಅದನ್ನು ಕಲಿತ ಯಾವ ಡಾಕ್ಟರರೂ ಬಳಸಬಹುದು. ತಲೆಮಾರುಗಳಿಂದ ಬಂದ ಮನೆಮದ್ದಿಗೂ ಪೇಟೆಂಟ್ ಇಲ್ಲ.

ಅರಿಸಿನದ ಕಥೆ ನೀವು ಕೇಳಿರಬಹುದು. ಗಾಯಕ್ಕೆ ಅರಿಸಿನ ಹಚ್ಚುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡಲಾಗಿತ್ತು. ನಮ್ಮ ಅಜ್ಜಿಯರೆಲ್ಲ ಮಾಡುತ್ತಾ ಬಂದದ್ದಕ್ಕೆ! ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳ ಆಧಾರ ಸಹಿತ ಅದನ್ನು ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಆ ಬಳಿಕ ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳ ಸಾವಿರಾರು ಔಷಧ ಯೋಗಗಳನ್ನು ಒಂದೆಡೆ ದಾಖಲಿಸಿ ಬೇರೆ ಬೇರೆ ದೇಶಗಳ ಪೇಟೆಂಟ್ ಪರೀಕ್ಷಕರಿಗೆ ಸಿಗುವಂತೆ ಮಾಡಲಾಗಿದೆ. ಅರಬಿ, ಪಾರ್ಸಿ, ಉರ್ದು ಭಾಷೆಯ ಯುನಾನಿ ಗ್ರಂಥಗಳಲ್ಲಿ ಹಕೀಮರು ಬರೆದಿಟ್ಟದ್ದು ಇಂದು ಹೀಗೆ ಕಾವಲಿಗೆ ನಿಂತಿದೆ.

ಹಕ್ಕನ್ನು ತಾವಾಗಿಯೇ ಬಿಟ್ಟುಕೊಟ್ಟವರೂ ಇದ್ದಾರೆ. ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಸಂಗಡಿಗರು ಅದರ ಪೇಟೆಂಟನ್ನು 1923ರಲ್ಲಿ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು.

ಹೆಸರಿಗೂ ಹಕ್ಕಿದೆ

ಪೇಟೆಂಟ್ ಮುಗಿದರೂ ಔಷಧದ ಬ್ರ್ಯಾಂಡ್ ಹೆಸರು ಕಂಪನಿಯ ಸೊತ್ತಾಗಿಯೇ ಉಳಿಯುತ್ತದೆ. ಇದು ಟ್ರೇಡ್‌ಮಾರ್ಕ್. ಮಾರುಕಟ್ಟೆಯಲ್ಲಿ ಒಂದೇ ಔಷಧ ಹತ್ತಾರು ಹೆಸರುಗಳಲ್ಲಿ ಕಾಣುವುದು ಈ ಕಾರಣಕ್ಕೆ. ಔಷಧ ಎಲ್ಲರದ್ದು, ಹೆಸರು ಮಾತ್ರ ಅವರವರದ್ದು.

ಈ ಹಕ್ಕಿನಿಂದ ನಮಗೂ ರಕ್ಷಣೆ ಇದೆ. ಮಲೇರಿಯಾದ ಎರಡು ಔಷಧಗಳಿಗೆ ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂದು ಎರಡು ಕಂಪನಿಗಳು ಹೆಸರಿಟ್ಟಿದ್ದವು. 2001ರಲ್ಲಿ ಈ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬಂದಾಗ, ಸೋಪು ಬಿಸ್ಕತ್ತಿನ ಹೆಸರು ಗೊಂದಲವಾದರೆ ನಷ್ಟವಾಗುವುದು ಹಣ, ಔಷಧದ ಹೆಸರು ಗೊಂದಲವಾದರೆ ಪ್ರಾಣಕ್ಕೇ ಅಪಾಯ ಎಂಬ ದೃಷ್ಟಿಯಿಂದ, ಔಷಧದ ಹೆಸರುಗಳನ್ನು ಹೆಚ್ಚು ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದು ನ್ಯಾಯಾಲಯ ಹೇಳಿತು. ಮೆಡಿಕಲ್‌ನಿಂದ ಹೊರಡುವ ಮುಂಚೆ ಚೀಟಿಯಲ್ಲಿರುವ ಹೆಸರನ್ನೂ ಡಬ್ಬಿಯ ಮೇಲಿನ ಹೆಸರನ್ನೂ ಅಕ್ಷರ ಅಕ್ಷರ ಹೊಂದಿಸಿ ನೋಡಿ. ಅರ್ಥವಾಗದಿದ್ದರೆ ಕೇಳಲು ಸಂಕೋಚ ಬೇಡ.

ಹಾಗಾದರೆ ನೀವು ಮಾಡಬೇಕಾದದ್ದೇನು?

ಈಗ ಮತ್ತೆ ಉಮ್ಮನ ಡಬ್ಬಿಗೆ ಬರೋಣ. ಕಡಿಮೆ ಬೆಲೆಯ ಔಷಧ ಕಳಪೆ ಎಂಬ ಅನುಮಾನಕ್ಕೆ ಕಾರಣವಿಲ್ಲ ಎಂದು ನಿಮಗೀಗ ಗೊತ್ತು. ಮೂಲ ಕಂಪನಿ ಸಂಶೋಧನೆಯ ಖರ್ಚನ್ನು ಬೆಲೆಯಲ್ಲಿ ಸೇರಿಸಿರುತ್ತದೆ. ನಂತರ ಬಂದವರಿಗೆ ಆ ಖರ್ಚಿಲ್ಲ, ಜೊತೆಗೆ ಪೈಪೋಟಿಯೂ ಇದೆ. ಬೆಲೆ ಇಳಿಯುವುದು ಅದಕ್ಕೆ. ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಕೆಂದಲ್ಲ. ಗುಣಮಟ್ಟ ಸರಿಯಿಲ್ಲದ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಪ್ರಕಟಿಸುತ್ತದೆ. ಅದರಲ್ಲಿ ಅಗ್ಗದವೂ ಇರುತ್ತವೆ, ಹೆಸರುವಾಸಿ ಬ್ರ್ಯಾಂಡುಗಳೂ ಇರುತ್ತವೆ. ಬೆಲೆ ನೋಡಿ ಗುಣ ಅಳೆಯಲಾಗದು.

ಈ ಕೆಲವು ವಿಷಯಗಳನ್ನು ನೆನಪಿಟ್ಟುಕೊಳ್ಳಿ:

1. ಡಬ್ಬಿಯ ಮೇಲೆ ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು ಇರುತ್ತದೆ. ಅದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮವೂ ಇದೆ. ನೀವು ಬರೆದಿಟ್ಟುಕೊಳ್ಳಬೇಕಾದದ್ದು ಆ ಹೆಸರನ್ನು ಮತ್ತು ಎಷ್ಟು ಮಿಲಿಗ್ರಾಂ ಎಂಬುದನ್ನು. ಊರು ಬಿಟ್ಟು ಹೋದಾಗ, ಕೊಲ್ಲಿ ದೇಶದಲ್ಲಿರುವ ಮಗನ ಬಳಿಗೆ ಹೋದಾಗ, ಉಮ್ರಾಕ್ಕೆ ಹೊರಟಾಗ ಡಾಕ್ಟರರಿಗೆ ಅರ್ಥವಾಗುವುದು ಅದೇ ಹೆಸರು.

2. "ಇದೇ ಔಷಧ ಕಡಿಮೆ ಬೆಲೆಯದ್ದು ಬರೆದುಕೊಡಬಹುದೇ?" ಎಂದು ಡಾಕ್ಟರರನ್ನು ಕೇಳಿ. ಇದು ಅವಮಾನದ ಮಾತಲ್ಲ. ಆದರೆ ಚೀಟಿಯಲ್ಲಿ ಒಂದು ಬ್ರ್ಯಾಂಡ್ ಬರೆದಿರುವಾಗ ಅಂಗಡಿಯವರು ತಾವಾಗಿ ಇನ್ನೊಂದನ್ನು ಕೊಡುವಂತಿಲ್ಲ. ಆದ್ದರಿಂದ ಕೇಳಬೇಕಾದ ಜಾಗ ಡಾಕ್ಟರರ ಕೋಣೆ.

3. ಅಪಸ್ಮಾರ, ಥೈರಾಯ್ಡ್, ರಕ್ತ ತೆಳುವಾಗಿಸುವ ಔಷಧ ಮುಂತಾದವುಗಳಲ್ಲಿ ಕಂಪನಿ ಬದಲಾಯಿಸುವಾಗ ಹೆಚ್ಚು ಎಚ್ಚರ ಬೇಕು. ಪ್ರಮಾಣದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ತೊಂದರೆಯಾಗುತ್ತದೆ. ಡಾಕ್ಟರರಿಗೆ ತಿಳಿಸದೆ ಬದಲಾಯಿಸಬೇಡಿ.

4. ಸರಕಾರಿ ಯೋಜನೆಯ ಜನೌಷಧಿ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಗ್ಯಾಸ್ಟ್ರಿಕ್ ಮುಂತಾದವುಗಳ ಔಷಧಗಳು ಬ್ರ್ಯಾಂಡ್ ಔಷಧಗಳಿಗಿಂತ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತವೆ. ನಿಮ್ಮ ಪೇಟೆಯಲ್ಲಿ ಎಲ್ಲಿದೆ ಎಂದು ತಿಳಿದುಕೊಳ್ಳಿ.

5. ಎಲ್ಲಿಯೇ ಕೊಂಡರೂ ಬಿಲ್ಲು ಕೇಳಿ ಪಡೆಯಿರಿ. ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನಾಂಕ ನೋಡಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಆ ಬಿಲ್ಲೇ ಆಧಾರ.

6. ಕ್ಷಯದ ಔಷಧ, ಎಚ್‌ಐವಿ ಔಷಧ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಾಚಿಕೆಯಿಂದಲೋ "ಉಚಿತದ್ದು ಕೆಲಸ ಮಾಡದು" ಎಂಬ ತಪ್ಪು ತಿಳುವಳಿಕೆಯಿಂದಲೋ ಬಿಡಬೇಡಿ. ಅರ್ಧಕ್ಕೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ, ಮನೆಯ ಇತರರಿಗೂ ಹರಡುತ್ತದೆ.

7. ಬೆಲೆ ಹೆಚ್ಚಾಯಿತೆಂದು ಪ್ರಮಾಣ ಕಡಿಮೆ ಮಾಡಬೇಡಿ, ದಿನ ಬಿಟ್ಟು ದಿನ ನುಂಗಬೇಡಿ. ಮನೆಯ ಹಿರಿಯರು ಹಾಗೆ ಮಾಡುತ್ತಿದ್ದಾರೆಯೇ ಎಂದು ತಿಂಗಳಿಗೊಮ್ಮೆ ಡಬ್ಬಿಯಲ್ಲಿರುವ ಮಾತ್ರೆ ಎಣಿಸಿ ನೋಡಿ. ಅವರು ಹೇಳದಿದ್ದರೂ ಡಬ್ಬಿ ಹೇಳುತ್ತದೆ.

ಜಮಾಅತ್‌ಗಳಲ್ಲಿ, ಯುವಕರ ಸಂಘಗಳಲ್ಲಿ ವೈದ್ಯಕೀಯ ನೆರವು ನೀಡುವವರೂ ಇದನ್ನು ಗಮನಿಸಬೇಕು. ನೆರವು ಕೇಳಿಕೊಂಡು ಬಂದವರ ಚೀಟಿಯನ್ನು ಒಬ್ಬ ತಿಳಿದ ಫಾರ್ಮಾಸಿಸ್ಟ್ ಕೈಯಲ್ಲಿ ಓದಿಸಿ, ಅದೇ ಔಷಧ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ ಎಂದು ತಿಳಿದು, ಡಾಕ್ಟರರ ಒಪ್ಪಿಗೆ ಪಡೆದರೆ ಒಬ್ಬ ರೋಗಿಗೆ ಕೊಡುವ ಹಣದಲ್ಲಿ ಇಬ್ಬರಿಗೋ ಮೂವರಿಗೋ ಔಷಧ ಕೊಡಬಹುದು.

ಔಷಧ ಕಂಡುಹಿಡಿದವರ ಶ್ರಮಕ್ಕೆ ಬೆಲೆ ಇದೆ, ಅದನ್ನು ಕಾನೂನು ಒಪ್ಪಿದೆ. ಆ ಹಕ್ಕಿಗೆ ವಾಯಿದೆ ಇದೆ, ಮಿತಿ ಇದೆ, ಅದನ್ನೂ ಕಾನೂನೇ ಹಾಕಿದೆ. ವಾಯಿದೆ ಮುಗಿದು ಕೈಗೆ ಬಂದ ಅಗ್ಗದ ಮಾತ್ರೆ ಯಾರೋ ಕೊಟ್ಟ ದಾನವಲ್ಲ, ಕರಾರಿನಂತೆ ನಿಮಗೆ ಸಲ್ಲಬೇಕಾದದ್ದು. ಮುಂದಿನ ಸಲ ಬಿಲ್ಲು ಇಳಿದಾಗ ಉಮ್ಮನ ಪಕ್ಕ ಕೂತು ಇಷ್ಟನ್ನು ಅವರಿಗೂ ತಿಳಿಸಿ ಹೇಳಿ. ಹೇಳಿದ ಮೇಲೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸಲು ಮರೆಯಬೇಡಿ.